ಓಣಿಯ ಲೆಕ್ಕ, ಊರಿನ ಆರೋಗ್ಯ

ಎರಡು ಗುಡ್ಡಗಳ ನಡುವೆ, ಅಗಸ್ತ್ಯತೀರ್ಥಕ್ಕೆ ಹೊಂದಿಕೊಂಡು ಬೆಳೆದ ಊರು ಬಾದಾಮಿ. ಕೆರೆಯ ಕಡೆಗಿನ ಹಳೆಯ ಓಣಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿವೆ. ಹೊಸ ಬಡಾವಣೆಗಳಲ್ಲಿ ರಸ್ತೆ ಅಗಲ, ಗಾಳಿ ಬೆಳಕು ಹೆಚ್ಚು. ಹೆಸರು ಒಂದೇ ಆದರೂ ನೀರು, ಗಟಾರ, ಜನದಟ್ಟಣೆ ಓಣಿಯಿಂದ ಓಣಿಗೆ ಬೇರೆ. ಇಡೀ ಊರಿಗೆ ಒಂದೇ ಅಂಕಿ ಕೊಟ್ಟರೆ ಅದು ಯಾವ ಓಣಿಯ ಆರೋಗ್ಯವನ್ನೂ ಹೇಳಿದಂತಾಗುವುದಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 500 ಜನರಿರುವ ಓಣಿಯಲ್ಲಿ ಹತ್ತು ಸಾವು, 5,000 ಜನರಿರುವ ಬಡಾವಣೆಯಲ್ಲೂ ಹತ್ತು ಸಾವು ಎಂದಿಟ್ಟುಕೊಳ್ಳೋಣ. ಓಣಿಯಲ್ಲಿ ಸಾವಿರಕ್ಕೆ 20, ಬಡಾವಣೆಯಲ್ಲಿ ಸಾವಿರಕ್ಕೆ 2. ಎರಡನ್ನೂ ಕೂಡಿಸಿದರೆ ಸಾವಿರಕ್ಕೆ ಸುಮಾರು 4. ಕೂಡಿಸಿದ ಲೆಕ್ಕದಲ್ಲಿ ಓಣಿಯ ಸಂಕಟ ಮುಚ್ಚಿಹೋಗುತ್ತದೆ.

ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಮಾಡಿದ್ದು ಇಂಥ ಬಿಡಿ ಲೆಕ್ಕವನ್ನೇ. ಸೋಹೋ ಎಂಬ ಬಡಾವಣೆಯಲ್ಲಿ ಕಾಲರಾದಿಂದ ಸತ್ತವರ ಮನೆಗಳನ್ನು ಆತ ಗುರುತಿಸುತ್ತ ಹೋದ. ಸಾವುಗಳು ಬ್ರಾಡ್ ಸ್ಟ್ರೀಟ್‌ನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಅದರ ಹಿಡಿಕೆಯನ್ನು ತೆಗೆಸಲಾಯಿತು.

ನಮ್ಮ ನಾಡಿಗೆ ಈ ಪಾಠ ಬಂದದ್ದು ಪ್ಲೇಗಿನೊಡನೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಹಾಮಾರಿ ರೈಲು ಹಿಡಿದು ಹುಬ್ಬಳ್ಳಿ–ಧಾರವಾಡಕ್ಕೂ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ತಲುಪಿತು. ಆಗ ಹುಬ್ಬಳ್ಳಿ ಸುಮಾರು 50 ಸಾವಿರ ಜನರ ಊರು. ವಿಜ್ಞಾನಿ ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ಮರುವರ್ಷ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಲಸಿಕೆ ಪಡೆದವರೆಷ್ಟು, ಪಡೆಯದವರೆಷ್ಟು, ಎರಡೂ ಗುಂಪುಗಳಲ್ಲಿ ಸತ್ತವರೆಷ್ಟು ಎಂದು ವಾರವಾರವೂ ಬರೆದಿಡಲಾಯಿತು. ಲಸಿಕೆ ಪಡೆದವರಲ್ಲಿ ಸಾವು ಬಹಳ ಕಡಿಮೆಯೆಂದು ಕಂಡಿತು. ಲಸಿಕೆಯ ಬಲ ಜಗತ್ತಿಗೆ ತಿಳಿಯುವಲ್ಲಿ ಹುಬ್ಬಳ್ಳಿಯ ಆ ಲೆಕ್ಕದ ಪಾಲು ದೊಡ್ಡದು.

ಬೆಂಗಳೂರಿನಲ್ಲಿ ಪೇಟೆಯ ಇಕ್ಕಟ್ಟಿನ ಬೀದಿಗಳು ರೋಗದ ಬೀಡಾದವು. ಆ ಅನುಭವದ ಬೆನ್ನಿಗೇ ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು.

ಜನರ ಬಳಿಯೂ ತಮ್ಮದೇ ಲೆಕ್ಕವಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಫ್ರಾನ್ಸಿನ ಸಿಮೊಂ 1898ರಲ್ಲಿ ಹೇಳಿದಾಗ ಹಲವು ವೈದ್ಯರು ನಂಬಲಿಲ್ಲ. ಕಾರಣ ತಿಳಿಯದಿದ್ದರೂ ಸೂಚನೆಯನ್ನು ಓಣಿಯ ಜನ ಮೊದಲೇ ಓದಿಕೊಂಡಿದ್ದರು.

ಆದರೆ ಲೆಕ್ಕ ಹಿಡಿಯುವ ರೀತಿ ತಪ್ಪಿದರೆ ಲೆಕ್ಕವೇ ಕೆಡುತ್ತದೆ. ಪುಣೆಯಲ್ಲಿ 1897ರಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಜನ ರೋಗಿಗಳನ್ನೂ ಹೆಣಗಳನ್ನೂ ಬಚ್ಚಿಟ್ಟರು. ಅದೇ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಹೆದರಿದ ಮನೆಯಿಂದ ನಿಜವಾದ ಅಂಕಿ ಹೊರಬರುವುದಿಲ್ಲವೆಂಬುದು ಆ ವರ್ಷದ ಪಾಠ.

2020ರ ಮೇ ತಿಂಗಳಲ್ಲಿ ಬಾದಾಮಿ ತಾಲ್ಲೂಕಿನ ಢಾಣಕಶಿರೂರಿನಲ್ಲಿ ಕೊರೊನಾ ಸೋಂಕು ಕಂಡಾಗ ಇದೇ ಪ್ರಶ್ನೆ ಮರಳಿ ಬಂತು. ಸಂಪರ್ಕಕ್ಕೆ ಬಂದವರನ್ನು ಹುಡುಕಿ ಪರೀಕ್ಷಿಸಬೇಕಾದರೆ, ಯಾರನ್ನು ಭೇಟಿಯಾದೆ ಎಂದು ಜನ ಬಾಯಿ ಬಿಟ್ಟು ಹೇಳಬೇಕು. ಹೇಳಿದವರಿಗೆ ಕಳಂಕ ಅಂಟಿದರೆ ಮುಂದಿನವರು ಹೇಳುವುದಿಲ್ಲ.

ಇಂದು ಲೆಕ್ಕದ ಪುಸ್ತಕಗಳಿಗೆ ಕೊರತೆಯಿಲ್ಲ. 1969ರ ಕಾಯ್ದೆಯಂತೆ ಜನನ–ಮರಣಗಳನ್ನು 21 ದಿನಗಳೊಳಗೆ ತಿಳಿಸಬೇಕು. 2005ರಲ್ಲಿ ಆರಂಭವಾದ ಯೋಜನೆಯ ಆಶಾ ಕಾರ್ಯಕರ್ತೆಯರು ಮನೆಮನೆಯ ಬಸಿರು, ಬಾಣಂತನ, ಜ್ವರದ ವಿವರ ಬರೆದುಕೊಳ್ಳುತ್ತಾರೆ. ಈ ವಿವರಗಳು ತಾಲ್ಲೂಕು, ಜಿಲ್ಲೆ ಎಂದು ಮೇಲೇರುತ್ತ ಒಂದೊಂದು ಮೊತ್ತವಾಗಿ ಕೂಡಿಕೊಳ್ಳುತ್ತವೆ. ಹಾಗೆ ಮೇಲೇರಿದ ಅಂಕಿ ತಿರುಗಿ ಓಣಿಗೆ ಇಳಿದು, ಯಾವ ನಲ್ಲಿಯ ನೀರು ಕೆಟ್ಟಿದೆ, ಯಾವ ಗಟಾರ ಕಟ್ಟಿದೆ ಎಂದು ತೋರಿಸಿದಾಗಲೇ ಅದನ್ನು ಬರೆದ ಶ್ರಮ ಸಾರ್ಥಕ. ಬರೆಸಿದವರಿಗೆ ಮುಂದಿನ ಸಲವೂ ನಿಜ ಹೇಳುವ ಮನಸ್ಸು ಬರುವುದೂ ಆಗಲೇ.