ಕೆಂಪು ಅಕ್ಷರದ ರಿಪೋರ್ಟು ಮತ್ತು ಬೆಳಗಾವಿಯ ಬಸುರಿಯರು

ಇವತ್ತಿನ ಎಪಿಸೋಡು ಒಂದು ವಾಟ್ಸ್‌ಆ್ಯಪ್ ಫೋಟೋದಿಂದ ಶುರುವಾಗುತ್ತೆ. ಕಳಿಸಿದವಳು ನಮ್ಮಕ್ಕ, ಖಾನಾಪುರದ ಸೊಸೆ. ಎರಡನೇ ಬಸಿರು, ಆಗ ಮೂರು ತಿಂಗಳು. ಬೆಳಗಾವಿಗೆ ಬಂದಾಗ ಒಂದು ಲ್ಯಾಬಿನವರು 'ಆಕ್ಸಿಡೇಟಿವ್ ಸ್ಟ್ರೆಸ್ ಪ್ಯಾಕೇಜ್' ಅಂತ ರಕ್ತ ತಗೊಂಡಿದ್ರು. ರಿಪೋರ್ಟಿನ ತುಂಬ ಕೆಂಪು ಅಕ್ಷರ. ಅದರ ಜೊತೆ ವಿಟಮಿನ್ ಸಿ, ಇ ಗುಳಿಗೆಯ ಡಬ್ಬಿ ಬೇರೆ. "ತಮ್ಮಾ, ನನ್ನ ರಕ್ತದಾಗ ಏನರ ಕೆಟ್ಟೈತೇನೋ? ಈ ಗುಳಿಗಿ ತಗೊಳ್ಳಲೇನು?" ಅಂದಳು. ನಾನು ಓದಿದ್ದು ಬಿ.ಕಾಂ. ಹಾಗಾಗಿ ಇತಿಹಾಸ ಹುಡುಕುತ್ತ ಕೂತೆ.

ಆ ರಿಪೋರ್ಟಿನ ಮೊದಲ ಸಾಲು ಎಂಡಿಎ, ಅಂದ್ರೆ ಮಲಾನ್‌ಡೈಆಲ್ಡಿಹೈಡ್. ಹಳೇ ಎಣ್ಣೆ ಕಮಟು ಹಿಡಿಯುತ್ತಲ್ಲ, ಹಾಗೇ ನಮ್ಮ ದೇಹದ ಕೊಬ್ಬೂ ಆಮ್ಲಜನಕದ ಕಾಟಕ್ಕೆ ಕೆಡುತ್ತೆ. ಆಗ ಉಳಿಯೋ ಚೂರುಗಳಲ್ಲಿ ಇದೊಂದು. 1944ರಲ್ಲಿ ಕೋನ್ ಮತ್ತು ಲಿವರ್ಸೆಜ್ ಎಂಬಿಬ್ಬರು ಮೆದುಳಿನ ಅಂಗಾಂಶಕ್ಕೆ ಥಯೋಬಾರ್ಬಿಟ್ಯೂರಿಕ್ ಆಮ್ಲ ಬೆರೆಸಿದಾಗ ಬಣ್ಣ ಬಂದದ್ದನ್ನು ಕಂಡರು. ಅದೇ ಗುಲಾಬಿ ಬಣ್ಣದ ಪರೀಕ್ಷೆ ಇವತ್ತಿಗೂ ನಡೀತಿದೆ. 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಈ ಕಾಟವನ್ನು ತಡೆಯೋ ಕಿಣ್ವವನ್ನು ಗುರುತಿಸಿದರು. 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಇದೆಲ್ಲಕ್ಕೂ 'ಆಕ್ಸಿಡೇಟಿವ್ ಸ್ಟ್ರೆಸ್' ಅಂತ ಹೆಸರು ಕೊಟ್ಟರು.

ಆಮೇಲೆ ಎಲ್ಲಿ ನೋಡಿದರೂ ಇದೇ. ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ, ಬೀಡಿ ಸೇದುವವರು, ಎಲ್ಲರ ರಕ್ತದಲ್ಲೂ ಎಂಡಿಎ ಜಾಸ್ತಿ. ಗರ್ಭಿಣಿಯರಿಗೆ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗೋ ಪ್ರೀ-ಎಕ್ಲಾಂಪ್ಸಿಯಾದಲ್ಲೂ ಜಾಸ್ತಿ. ಯಾಕಂದ್ರೆ ಮಾಸಿಗೆ ರಕ್ತ ಸರಿಯಾಗಿ ಹರಿಯೋದಿಲ್ಲ, ಅಲ್ಲಿಂದಲೇ ಈ ಚೂರುಗಳು ರಕ್ತಕ್ಕೆ ಸೇರ್ತವೆ.

ಹಾಗಾದ್ರೆ ಆಂಟಿಆಕ್ಸಿಡೆಂಟ್ ಕೊಟ್ಟರೆ ಮುಗೀತಲ್ಲ? 1999ರಲ್ಲಿ ಲಂಡನ್ನಿನ ವೈದ್ಯರು 283 ಗರ್ಭಿಣಿಯರ ಮೇಲೆ ಪ್ರಯೋಗ ಮಾಡಿದರು. ವಿಟಮಿನ್ ಸಿ, ಇ ತಗೊಂಡವರಲ್ಲಿ ಕಾಯಿಲೆ ಶೇ 8, ತಗೊಳ್ಳದವರಲ್ಲಿ ಶೇ 17. ಎಲ್ಲರಿಗೂ ಖುಷಿ. ಆದರೆ 2006ರಲ್ಲಿ ಬ್ರಿಟನ್ನಿನಲ್ಲೇ 2,410 ಜನರ ಮೇಲೆ ಅದನ್ನೇ ಮಾಡಿದಾಗ ಲಾಭ ಕಾಣಲಿಲ್ಲ. ಮೇಲಾಗಿ ಕಡಿಮೆ ತೂಕದ ಮಕ್ಕಳು ಹೆಚ್ಚಿದ್ದು ಗುಳಿಗೆ ತಗೊಂಡವರಲ್ಲೇ: ಶೇ 24ರ ಬದಲು ಶೇ 28. ನಮ್ಮ ನಾಗಪುರವೂ ಇದ್ದ ಡಬ್ಲ್ಯೂಎಚ್‌ಒ ಪ್ರಯೋಗದಲ್ಲೂ ಲಾಭ ಇಲ್ಲ ಅಂತ 2009ರಲ್ಲಿ ಗೊತ್ತಾಯ್ತು. 2011ರಲ್ಲಿ ಡಬ್ಲ್ಯೂಎಚ್‌ಒ ಸ್ಪಷ್ಟವಾಗಿ ಹೇಳಿತು: ಪ್ರೀ-ಎಕ್ಲಾಂಪ್ಸಿಯಾ ತಡೆಯೋಕೆ ವಿಟಮಿನ್ ಸಿ, ಇ ಬೇಡ, ಅಪಾಯ ಹೆಚ್ಚಿರುವವರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಕೊಡಿ.

ಇಲ್ಲಿ ನನ್ನ ಕಾಮರ್ಸ್ ತಲೆಗೆ ಹೊಳೆದದ್ದು ಹೇಳ್ತೀನಿ. ಅಂಗಡಿ ನಷ್ಟದಲ್ಲಿದ್ದರೆ ಖತಾವಣಿಯಲ್ಲಿ ಅದು ಕಾಣುತ್ತೆ. ಖತಾವಣಿಯ ಅಂಕಿ ತಿದ್ದಿದರೆ ಅಂಗಡಿಗೆ ಲಾಭ ಬರುತ್ತೇನ್ರಿ? ಎಂಡಿಎ ಅಂಥ ಒಂದು ಅಂಕಿ. ಎಲ್ಲೋ ತೊಂದರೆ ಇದೆ ಅನ್ನುತ್ತೆ, ಯಾವುದು ಅಂತ ಹೇಳಲ್ಲ.

ಈಗ ನಮ್ಮೂರಿಗೆ ಬರೋಣ. 1963ರಲ್ಲಿ ಶುರುವಾದ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಸಂಶೋಧಕರು ಬೇರೆ ದೇಶಗಳವರ ಜೊತೆ ಸೇರಿ ಆಸ್ಪಿರಿನ್ ಪ್ರಯೋಗ ಮಾಡಿದರು. ಆರು ದೇಶ, ಮೊದಲ ಹೆರಿಗೆಯ 11,976 ಹೆಣ್ಣುಮಕ್ಕಳು. ಅವರಲ್ಲಿ ನಮ್ಮ ಬೆಳಗಾವಿ ಭಾಗದವರೂ ಇದ್ದರು. ದಿನಕ್ಕೆ 81 ಮಿಲಿಗ್ರಾಂ, ಹದಿನಾಲ್ಕು ವಾರ ತುಂಬೋದರೊಳಗೆ ಶುರು. 2020ರಲ್ಲಿ ಫಲಿತಾಂಶ ಬಂತು: ಅವಧಿಗೆ ಮುಂಚಿನ ಹೆರಿಗೆ ಶೇ 13.1ರಿಂದ ಶೇ 11.6ಕ್ಕೆ ಇಳಿದಿತ್ತು. ಸಣ್ಣ ಅಂತರ ಅನಿಸಬಹುದು. ನೂರಕ್ಕೆ ಒಂದೂವರೆ ಮನೆ ಅಂತ ಲೆಕ್ಕ ಹಾಕಿ ನೋಡ್ರಿ.

ಅಕ್ಕನಿಗೆ ನಾನು ಗುಳಿಗೆ ಹೆಸರು ಹೇಳಲಿಲ್ಲ. ಸರ್ಕಾರಿ ದವಾಖಾನೆಗೆ ಕರಕೊಂಡು ಹೋದೆ. ಡಾಕ್ಟರ್ ಕೆಂಪು ರಿಪೋರ್ಟನ್ನು ಪಕ್ಕಕ್ಕಿಟ್ಟು ಬಿಪಿ ನೋಡಿದರು, ಮೂತ್ರ ಪರೀಕ್ಷೆ ಬರೆದರು, ಆಮೇಲೆ ಕೇಳಿದರು: "ಮೊದಲನೇ ಸಲ ಬಿಪಿ ಏರಿತ್ತೇನವಾ?" ಏರಿತ್ತು. ಎಂಟನೇ ತಿಂಗಳಲ್ಲೇ ಹೆರಿಗೆ ಆಗಿತ್ತು. ಲ್ಯಾಬಿನಲ್ಲಿ ಅದನ್ನ ಯಾರೂ ಕೇಳಿರಲಿಲ್ಲ, ಅಕ್ಕನೂ ಹೇಳಿರಲಿಲ್ಲ. ಡಾಕ್ಟರ್ ಅವತ್ತೇ ಆಸ್ಪಿರಿನ್ ಶುರು ಮಾಡಿದರು.

ಯಾರೂ ತಾವಾಗೇ ಆಸ್ಪಿರಿನ್ ತಗೋಬ್ಯಾಡ್ರಿ. ಮನೆಯಲ್ಲಿ ಬಸುರಿ ಇದ್ದರೆ ಹಿಂದಿನ ಹೆರಿಗೆಯ ಕಥೆ ಮಾತ್ರ ಡಾಕ್ಟರಿಗೆ ತಪ್ಪದೆ ಹೇಳ್ರಿ.