ಉದ್ಯೋಗನಿಮಿತ್ತ ವಾಹನ ಚಾಲನೆ

ಉದ್ಯೋಗನಿಮಿತ್ತ ವಾಹನ ಚಾಲನೆ ಎಂದರೆ ಉದ್ಯೋಗಿಯು ತನ್ನ ಸಂಸ್ಥೆಯ ಕೆಲಸಕ್ಕಾಗಿ ಸಂಸ್ಥೆಯ ವಾಹನವನ್ನಾಗಲಿ ಸ್ವಂತ ವಾಹನವನ್ನಾಗಲಿ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದು. ಲಾರಿ ಮತ್ತು ಬಸ್ ಚಾಲಕರಂತೆ ಚಾಲನೆಯನ್ನೇ ವೃತ್ತಿಯಾಗಿ ಉಳ್ಳವರೂ, ಔಷಧ ಕಂಪನಿಯ ಪ್ರತಿನಿಧಿ, ಬ್ಯಾಂಕಿನ ವಸೂಲಿ ಸಿಬ್ಬಂದಿ, ಕಾರ್ಖಾನೆಯ ಎಂಜಿನಿಯರ್ ಮುಂತಾಗಿ ಬೇರೆ ಕೆಲಸದ ನಡುವೆ ವಾಹನ ಓಡಿಸುವವರೂ ಇದರ ವ್ಯಾಪ್ತಿಗೆ ಬರುತ್ತಾರೆ. ಭಾರತದಲ್ಲಿ ಈ ವಿಷಯಕ್ಕೇ ಮೀಸಲಾದ ಒಂದೇ ಕಾಯಿದೆ ಇಲ್ಲ. ಮೋಟಾರು ವಾಹನಗಳ ಕಾಯಿದೆ 1988, ಕಾರ್ಮಿಕ ಕಾನೂನುಗಳು, ವಿಮಾ ಪಾಲಿಸಿಯ ಷರತ್ತುಗಳು ಮತ್ತು ಆಯಾ ಸಂಸ್ಥೆಯ ಒಳನಿಯಮಗಳು ಸೇರಿ ಇದನ್ನು ನಿಯಂತ್ರಿಸುತ್ತವೆ. ಈ ಲೇಖನವು ಆ ನಿಯಮಗಳನ್ನು ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ಸನ್ನಿವೇಶದಲ್ಲಿ ವಿವರಿಸುತ್ತದೆ.

ಹಿನ್ನೆಲೆ

ತುಂಗಾ ತೀರದ ಶಿವಮೊಗ್ಗ ಮತ್ತು ಭದ್ರಾ ತೀರದ ಭದ್ರಾವತಿಗಳ ನಡುವಿನ ಅಂತರ ಸುಮಾರು 20 ಕಿಲೋಮೀಟರ್. ಇವೆರಡನ್ನು ಬೆಸೆಯುವ ಹೆದ್ದಾರಿಯು ಮೊದಲು ರಾಷ್ಟ್ರೀಯ ಹೆದ್ದಾರಿ 206 ಆಗಿತ್ತು. ಈಗ ಅದರ ಸಂಖ್ಯೆ 69. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ರಜ್ಜುಮಾರ್ಗ ಮತ್ತು ಟ್ರಾಮ್ ಹಳಿಗಳ ಮೂಲಕ ಬರುತ್ತಿತ್ತು. ಇಂದು ಈ ಭಾಗದ ಸರಕಿನ ಬಹುಪಾಲು ಸಾಗುವುದು ರಸ್ತೆಯ ಮೇಲೆ. ಶಿವಮೊಗ್ಗದ ಫೌಂಡ್ರಿಗಳ ಎರಕದ ಬಿಡಿಭಾಗಗಳು, ಅಡಿಕೆ ಮಂಡಿಗಳ ಮೂಟೆಗಳು, ಮಾಚೇನಹಳ್ಳಿಯಲ್ಲಿರುವ ಹಾಲು ಒಕ್ಕೂಟದ ಡೇರಿಗೆ ಬರುವ ಹಾಲು ಇವೆಲ್ಲಕ್ಕೂ ಲಾರಿ ಮತ್ತು ಟ್ಯಾಂಕರುಗಳೇ ಆಧಾರ. ಹಾಲಿನ ಗಾಡಿ ನಸುಕಿನಲ್ಲಿ ಹೊರಡುತ್ತದೆ, ಎರಕದ ಲೋಡು ಸಂಜೆ ಕಳೆದ ಮೇಲೆ ಸಿದ್ಧವಾಗುವುದುಂಟು. ಹೀಗಾಗಿ ಇಲ್ಲಿ ಸುರಕ್ಷತೆಯ ಪ್ರಶ್ನೆ ಬಹುಮಟ್ಟಿಗೆ ನಿದ್ರೆಯ ಮತ್ತು ಹೊತ್ತಿನ ಪ್ರಶ್ನೆಯಾಗಿದೆ.

ಕೆಲಸದ ಅವಧಿ ಮತ್ತು ವಿಶ್ರಾಂತಿ

ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ 1961 ಚಾಲಕರ ದುಡಿಮೆಯನ್ನು ದಿನಕ್ಕೆ 8 ಗಂಟೆ ಮತ್ತು ವಾರಕ್ಕೆ 48 ಗಂಟೆಗಳಿಗೆ ಸೀಮಿತಗೊಳಿಸಿತು. ಸತತ 5 ಗಂಟೆಗಳ ಕೆಲಸಕ್ಕೆ ಮುನ್ನ ಕನಿಷ್ಠ ಅರ್ಧ ಗಂಟೆಯ ಬಿಡುವು, ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಆರಂಭವಾಗುವುದರ ನಡುವೆ ಕನಿಷ್ಠ 9 ಗಂಟೆಗಳ ಸತತ ವಿಶ್ರಾಂತಿ ಮತ್ತು ವಾರಕ್ಕೊಂದು ರಜೆ ಇದರ ಮುಖ್ಯ ಅಂಶಗಳು. ದೂರದ ಮಾರ್ಗಗಳಲ್ಲಿ ಅಧಿಕಾರಿಯ ಪೂರ್ವಾನುಮತಿಯೊಂದಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆಗಳವರೆಗೆ ಅವಕಾಶವಿತ್ತು. ಮೋಟಾರು ವಾಹನಗಳ ಕಾಯಿದೆಯ 91ನೇ ಪ್ರಕರಣವೂ ಇದೇ ಮಿತಿಗಳನ್ನು ಅಂಗೀಕರಿಸುತ್ತದೆ. 1961ರ ಕಾಯಿದೆಯ ವಿಷಯವು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2020ರಲ್ಲಿ ವಿಲೀನಗೊಂಡಿದ್ದು, ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ಕೆಲಸದ ಹೊತ್ತೆಂದರೆ ಗಾಲಿ ಉರುಳಿದ ಹೊತ್ತು ಮಾತ್ರವಲ್ಲ ಎಂಬುದು ಹಲವೊಮ್ಮೆ ಮರೆತುಹೋಗುವ ಸಂಗತಿ. ಗಾಡಿಯನ್ನು ಹೊರತೆಗೆಯುವುದು, ಲೋಡು ಹತ್ತಿಸುವುದು ಮತ್ತು ಇಳಿಸುವುದು, ಲೆಕ್ಕ ಒಪ್ಪಿಸುವುದು, ರಿಜಿಸ್ಟರಿಗೆ ಸಹಿ ಹಾಕುವುದು ಇವೆಲ್ಲ ಉಪಕೆಲಸಗಳಾಗಿ ಅವಧಿಯೊಳಗೇ ಸೇರುತ್ತವೆ. ಕಾರ್ಖಾನೆಯ ಗೇಟಿನೊಳಗೆ ಮಧ್ಯಾಹ್ನದಿಂದ ಲೋಡು ಹತ್ತಿಸಿದ ಚಾಲಕನು ರಾತ್ರಿ 9ಕ್ಕೆ ಹೊರಟರೆ, ಅವನ ದಿನ ಆಗಲೇ ಮುಗಿದಿರುತ್ತದೆ.

ಸ್ವಂತ ಸರಕನ್ನು ಸ್ವಂತ ಸಾರಿಗೆ ವಾಹನದಲ್ಲಿ ಸಾಗಿಸುವ ಮಾಲೀಕರಿಗೂ 1961ರ ಕಾಯಿದೆ ಅನ್ವಯಿಸುತ್ತಿತ್ತು. ಆದರೆ ಕಾರು ಓಡಿಸುವ ಅಧಿಕಾರಿಗೆ ಅಥವಾ ಬೈಕಿನಲ್ಲಿ ತಿರುಗುವ ಪ್ರತಿನಿಧಿಗೆ ಚಾಲನಾ ಅವಧಿಯ ಮಿತಿಯನ್ನು ಅದು ಹೇಳಿರಲಿಲ್ಲ. ಸಂಸ್ಥೆಯ ಒಳನಿಯಮಗಳಿಗೆ ಹೆಚ್ಚು ಮಹತ್ವ ಇರುವುದು ಇಲ್ಲಿಯೇ. ದಿನವಿಡೀ ಸಭೆ ಮುಗಿಸಿ ಅದೇ ರಾತ್ರಿ ಬೆಂಗಳೂರಿನಿಂದ ಕಾರು ಓಡಿಸಿಕೊಂಡು ಬರುವ ಬದಲು ಅಲ್ಲಿಯೇ ತಂಗಲು ಅಥವಾ ರೈಲಿನಲ್ಲಿ ಮರಳಲು ಖರ್ಚು ಕೊಡುವ ನಿಯಮವು ಇದಕ್ಕೆ ಒಂದು ಮಾದರಿ.

ವೇಗ ಮತ್ತು ವೇಳಾಪಟ್ಟಿ

ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ವಿಭಜಕವುಳ್ಳ ಚತುಷ್ಪಥ ರಸ್ತೆಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್, ಸರಕು ವಾಹನಗಳಿಗೆ 80 ಕಿಲೋಮೀಟರ್ ಗರಿಷ್ಠ ಮಿತಿ. ಇತರ ರಸ್ತೆಗಳಲ್ಲಿ ಇದು ಕ್ರಮವಾಗಿ 70 ಮತ್ತು 60. ಸ್ಥಳೀಯ ಆಡಳಿತವು ಇದಕ್ಕಿಂತ ಕಡಿಮೆ ಮಿತಿಯನ್ನು ನಿಗದಿಪಡಿಸಬಹುದು.

ವೇಗಮಿತಿಯ ಉಲ್ಲಂಘನೆಗೆ ಚಾಲಕನೊಬ್ಬನೇ ಹೊಣೆ ಎಂಬ ತಿಳಿವಳಿಕೆ ಸರಿಯಲ್ಲ. ತನ್ನ ನೌಕರನಿಂದ ಮಿತಿ ಮೀರಿ ವಾಹನ ಓಡಿಸುವಂತೆ ಮಾಡುವ ಉದ್ಯೋಗದಾತನನ್ನೂ ಮೋಟಾರು ವಾಹನಗಳ ಕಾಯಿದೆಯ 183ನೇ ಪ್ರಕರಣ ಅಪರಾಧಿಯೆಂದು ಪರಿಗಣಿಸುತ್ತದೆ. ಅದರ 4ನೇ ಉಪಪ್ರಕರಣ ಇನ್ನೂ ಮುಂದೆ ಹೋಗುತ್ತದೆ: ವೇಗಮಿತಿಯನ್ನು ಮೀರದೆ ಪೂರೈಸಲು ಸಾಧ್ಯವಿಲ್ಲದ ವೇಳಾಪಟ್ಟಿಯನ್ನು ಪ್ರಕಟಿಸಿದರೆ ಅಥವಾ ಅಂಥ ಸೂಚನೆ ನೀಡಿದರೆ, ಆ ವೇಳಾಪಟ್ಟಿಯೇ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಉದಾಹರಣೆಗೆ, 60 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ 300 ಕಿಲೋಮೀಟರ್ ದೂರವನ್ನು ಲಾರಿಯೊಂದು ಎಲ್ಲಿಯೂ ನಿಲ್ಲದೆ, ಎಲ್ಲಿಯೂ ನಿಧಾನಿಸದೆ ಓಡಿದರೂ 5 ಗಂಟೆ ಬೇಕು. ಊರು, ಉಬ್ಬು, ಟೋಲ್ ಗೇಟು, ಊಟದ ನಿಲುಗಡೆಗಳನ್ನು ಲೆಕ್ಕ ಹಿಡಿಯದೆ ಐದೇ ಗಂಟೆಯಲ್ಲಿ ತಲುಪಬೇಕೆಂದು ಡಿಸ್ಪ್ಯಾಚ್ ವಿಭಾಗವು ಟ್ರಿಪ್ ಶೀಟಿನಲ್ಲಿ ಬರೆದರೆ, ಆ ಹಾಳೆ ಅದನ್ನು ಬರೆದವರ ವಿರುದ್ಧವೇ ನಿಲ್ಲಬಹುದು. ಬೇಗ ತಲುಪಿದವರಿಗೆ ಹೆಚ್ಚು ಬಾಟಾ ಕೊಡುವ ಪದ್ಧತಿಯೂ ವೇಗಕ್ಕೆ ಪ್ರೇರಣೆ ಕೊಡುವುದರಿಂದ ಸುರಕ್ಷತೆಯ ದೃಷ್ಟಿಯಿಂದ ಆಕ್ಷೇಪಾರ್ಹ.

ಚಾಲನೆಯ ವೇಳೆ ಮೊಬೈಲ್ ಕೈಯಲ್ಲಿ ಹಿಡಿದು ಬಳಸುವುದನ್ನು 2019ರ ತಿದ್ದುಪಡಿಯು ಅಪಾಯಕಾರಿ ಚಾಲನೆಯ ವ್ಯಾಖ್ಯೆಗೆ ಸೇರಿಸಿತು. ಚಾಲಕನಿಗೆ ದಾರಿಯಲ್ಲಿ ಪದೇ ಪದೇ ಕರೆ ಮಾಡುವವರು ಸಾಮಾನ್ಯವಾಗಿ ಕಚೇರಿಯವರೇ ಆದ್ದರಿಂದ, ಕರೆ ಸ್ವೀಕರಿಸಬಾರದೆಂಬ ನಿಯಮದ ಜೊತೆಗೆ ಕರೆ ಮಾಡಬಾರದೆಂಬ ನಿಯಮವೂ ಅಗತ್ಯ. ಮದ್ಯದ ವಿಷಯದಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಕಾನೂನಿನ ಮಿತಿಯಾಗಿದೆ.

ಪರವಾನಗಿ, ಕೀಲಿ ಮತ್ತು ವಿಮೆ

ಪರವಾನಗಿ ಇಲ್ಲದವರಿಗೆ ವಾಹನ ಓಡಿಸಲು ಬಿಡಬಾರದೆಂಬ ಹೊಣೆಯನ್ನು 5ನೇ ಪ್ರಕರಣ ನೇರವಾಗಿ ಮಾಲೀಕನ ಮೇಲೆ ಹೊರಿಸುತ್ತದೆ. ಕೆಲಸಕ್ಕೆ ಸೇರುವಾಗ ಒಮ್ಮೆ ಪ್ರತಿ ಪಡೆದು ಕಡತದಲ್ಲಿ ಇಟ್ಟರೆ ಸಾಲದು. ಸಾರಿಗೆ ವಾಹನದ ಪರವಾನಗಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಲಘು ಮೋಟಾರು ವಾಹನದ ಪರವಾನಗಿ ಉಳ್ಳವರು 7,500 ಕಿಲೋಗ್ರಾಂವರೆಗಿನ ಸಾರಿಗೆ ವಾಹನಗಳನ್ನು ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ತೀರ್ಪು ನೀಡಿದ್ದರಿಂದ, ಸಣ್ಣ ಸರಕು ಗಾಡಿಗಳ ಕುರಿತ ದೀರ್ಘಕಾಲದ ಗೊಂದಲ ಬಗೆಹರಿಯಿತು.

ಕ್ಲೀನರ್ ಕೈಗೆ ಗಾಡಿ ಕೊಡುವ ವಾಡಿಕೆಯ ಬಗ್ಗೆ 1987ರ ಸ್ಕ್ಯಾಂಡಿಯಾ ವಿಮಾ ಕಂಪನಿ ಪ್ರಕರಣ ಪ್ರಸಿದ್ಧವಾಗಿದೆ. ಚಾಲಕನು ಎಂಜಿನ್ ಆರಿಸದೆ ತಿಂಡಿ ತರಲು ಹೋದಾಗ ಕ್ಲೀನರ್ ಟ್ರಕ್ಕನ್ನು ಓಡಿಸಿ ಅಪಘಾತವಾಗಿತ್ತು. ವಿಮಾ ಕಂಪನಿಯು ಪರಿಹಾರದಿಂದ ನುಣುಚಿಕೊಳ್ಳಲಾಗದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಇದರಿಂದ ಮಾಲೀಕರು ನಿಶ್ಚಿಂತರಾಗುವಂತಿಲ್ಲ. 2004ರ ಸ್ವರಣ್ ಸಿಂಗ್ ತೀರ್ಪಿನ ಪ್ರಕಾರ, ಮಾಲೀಕನೇ ಷರತ್ತು ಮುರಿದಿರುವುದು ಸಾಬೀತಾದರೂ ವಿಮಾ ಕಂಪನಿಯು ಸಂತ್ರಸ್ತರಿಗೆ ಮೊದಲು ಹಣ ಪಾವತಿಸಿ ಬಳಿಕ ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಮಂಡಳಿ ಆದೇಶಿಸಬಹುದು.

ಸ್ವಂತ ವಾಹನದ ಬಳಕೆ

ಖಾಸಗಿ ಬೈಕ್ ಮತ್ತು ಕಾರುಗಳ ವಿಮಾ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗವಿರುತ್ತದೆ. ಬಾಡಿಗೆಗೆ ಓಡಿಸುವುದು ಮತ್ತು ಸರಕು ಸಾಗಣೆ ಅದರಲ್ಲಿ ಹೊರತಾಗಿವೆ. ಮಾದರಿ ವಸ್ತುಗಳಿಗೆ ಮತ್ತು ಸ್ವಂತ ಲಗೇಜಿಗೆ ವಿನಾಯಿತಿ ಇದೆ. ಆದ್ದರಿಂದ ಔಷಧ ಪ್ರತಿನಿಧಿಯು ತನ್ನ ಚೀಲದಲ್ಲಿ ಮಾದರಿ ಮಾತ್ರೆಗಳನ್ನು ಒಯ್ಯುವುದಕ್ಕೆ ಅಡ್ಡಿಯಿಲ್ಲ. ಅದೇ ಬೈಕಿನಲ್ಲಿ ಅಂಗಡಿಗಳಿಗೆ ಮಾರಾಟದ ಪೆಟ್ಟಿಗೆಗಳನ್ನು ತಲುಪಿಸಿದರೆ ವಿಮೆಯ ರಕ್ಷಣೆ ತಕರಾರಿಗೆ ಒಳಗಾಗಬಹುದು. ಕಿಲೋಮೀಟರಿಗೆ ಇಷ್ಟೆಂದು ಪೆಟ್ರೋಲ್ ಭತ್ಯೆ ಕೊಡುವ ಸಂಸ್ಥೆಗಳು ವಿಮೆ, ಟೈರು, ಬ್ರೇಕು ಮತ್ತು ಹೆಲ್ಮೆಟ್ಟುಗಳನ್ನು ಪರಿಶೀಲಿಸುವುದು ಇದೇ ಕಾರಣಕ್ಕೆ ಅಪೇಕ್ಷಣೀಯ.

ಮಲೆನಾಡಿನ ರಸ್ತೆಗಳು

ಶಿವಮೊಗ್ಗದಿಂದ ಕರಾವಳಿಗೆ ಇಳಿಯುವ ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳ ಸಂಚಾರವನ್ನು ಜಿಲ್ಲಾಡಳಿತ ನಿರ್ಬಂಧಿಸುವುದುಂಟು. ಅಂಥ ಸಮಯದಲ್ಲಿ ಬದಲಿ ಮಾರ್ಗದ ಹೆಚ್ಚುವರಿ ದೂರಕ್ಕೆ ಇಂಧನ ಮತ್ತು ಸಮಯ ಎರಡನ್ನೂ ಮಂಜೂರು ಮಾಡದಿದ್ದರೆ ನಿರ್ಬಂಧವನ್ನು ತಪ್ಪಿಸಿಕೊಳ್ಳುವ ಒತ್ತಡ ಚಾಲಕನ ಮೇಲೆ ಬೀಳುತ್ತದೆ. ಸಕ್ರೆಬೈಲಿನಿಂದ ತೀರ್ಥಹಳ್ಳಿಯತ್ತ ಸಾಗುವ ಕಾಡಂಚಿನ ದಾರಿಯಲ್ಲಿ ರಾತ್ರಿ ವನ್ಯಪ್ರಾಣಿಗಳು ಅಡ್ಡಬರುವ ಸಂಭವವೂ ಇದೆ.

ಅಪಾಯಕಾರಿ ಸರಕು

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನ ಕಲ್ಲುಕ್ವಾರಿ ಪ್ರದೇಶದಲ್ಲಿ ಲಾರಿಯಲ್ಲಿ ತಂದಿದ್ದ ಸ್ಫೋಟಕಗಳು ಸಿಡಿದು ಹಲವರು ಮೃತಪಟ್ಟರು. ಅದರ ಸದ್ದು ಮತ್ತು ಕಂಪನ ನೆರೆಯ ಜಿಲ್ಲೆಗಳವರೆಗೂ ತಲುಪಿತ್ತು. ಸ್ಫೋಟಕಗಳ ಸಾಗಣೆಗೆ ಸ್ಫೋಟಕ ನಿಯಮಗಳು 2008ರ ಅಡಿ ಪರವಾನಗಿ ಪಡೆದ ವಾಹನವೇ ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಂತೆ ಅಪಾಯಕಾರಿ ಸರಕಿನ ಚಾಲಕನು ವಿಶೇಷ ತರಬೇತಿ ಪಡೆದಿರಬೇಕು, ತಾನು ಒಯ್ಯುತ್ತಿರುವುದು ಏನೆಂದು ಲಿಖಿತ ಮಾಹಿತಿ ಅವನ ಬಳಿ ಇರಬೇಕು. ಈ ಮಾಹಿತಿಯನ್ನು ಒದಗಿಸುವ ಹೊಣೆ ಸರಕು ಕಳುಹಿಸುವವರ ಮೇಲಿದೆ.

ಅಪಘಾತ ಮತ್ತು ಪರಿಹಾರ

ಅಪಘಾತವಾದಾಗ ಗಾಯಾಳುವಿಗೆ ಚಿಕಿತ್ಸೆ ದೊರಕಿಸಿ, 24 ಗಂಟೆಯೊಳಗೆ ಪೊಲೀಸರಿಗೆ ವರದಿ ಮಾಡುವುದು 134ನೇ ಪ್ರಕರಣದಂತೆ ಚಾಲಕನ ಕರ್ತವ್ಯ. 2025ರ ಮೇ ತಿಂಗಳಲ್ಲಿ ಅಧಿಸೂಚಿತವಾದ ಕೇಂದ್ರದ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆ ಲಭ್ಯ.

ಕೆಲಸದ ಮೇಲಿದ್ದ ಚಾಲಕನೇ ಮೃತಪಟ್ಟಾಗ ಅವನ ಕುಟುಂಬದ ಮುಂದೆ ಎರಡು ದಾರಿಗಳಿರುತ್ತವೆ: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಇಲ್ಲವೇ ಕಾರ್ಮಿಕ ಕಾನೂನಿನ ಅಡಿಯ ಪರಿಹಾರ. 167ನೇ ಪ್ರಕರಣದಂತೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ನ್ಯಾಯಮಂಡಳಿಯಲ್ಲಿ ಮೊತ್ತ ಹೆಚ್ಚಾಗುವ ಸಾಧ್ಯತೆ ಇದ್ದರೂ, ಅಪಘಾತಕ್ಕೆ ಆ ಚಾಲಕನ ನಿರ್ಲಕ್ಷ್ಯವೇ ಕಾರಣವಾಗಿದ್ದರೆ ಅಲ್ಲಿ ತಪ್ಪಿನ ಆಧಾರದ ಬೇಡಿಕೆ ನಿಲ್ಲುವುದು ಕಷ್ಟ. ಕಾರ್ಮಿಕ ಪರಿಹಾರಕ್ಕೆ ಉದ್ಯೋಗದಾತನ ತಪ್ಪನ್ನು ಸಾಬೀತುಪಡಿಸಬೇಕಿಲ್ಲ. ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದ ನೌಕರನಿಗೆ ಪರಿಹಾರ ನಿರಾಕರಿಸಲು ನೌಕರರ ಪರಿಹಾರ ಕಾಯಿದೆ 1923ರಲ್ಲಿ ಅವಕಾಶವಿದ್ದರೂ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಸಂದರ್ಭದಲ್ಲಿ ಆ ವಿನಾಯಿತಿ ಉದ್ಯೋಗದಾತನಿಗೆ ಸಿಗುತ್ತಿರಲಿಲ್ಲ. ಈ ಕಾಯಿದೆಯ ವಿಷಯವು ಈಗ ಸಾಮಾಜಿಕ ಭದ್ರತಾ ಸಂಹಿತೆ 2020ರಲ್ಲಿ ಸೇರಿದೆ.

ಮನೆಯಿಂದ ಕೆಲಸಕ್ಕೆ ಹೋಗುವಾಗಿನ ಅಪಘಾತವು ಉದ್ಯೋಗದ ಅವಧಿಯದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತ್ತು. 2010ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆಗೆ ತಿದ್ದುಪಡಿಯಾಗಿ, ಸಮಯ, ಸ್ಥಳ ಮತ್ತು ಸನ್ನಿವೇಶಗಳಿಗೂ ಉದ್ಯೋಗಕ್ಕೂ ಸಂಬಂಧವಿದ್ದರೆ ಅಂಥ ಅಪಘಾತವೂ ಉದ್ಯೋಗದ್ದೇ ಎಂದಾಯಿತು. 2025ರ ಜುಲೈನಲ್ಲಿ, ಕೆಲಸಕ್ಕೆ ಹೊರಟಿದ್ದಾಗ ಮೃತಪಟ್ಟಿದ್ದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಪ್ರಕರಣದಲ್ಲಿ ನ್ಯಾಯಾಲಯವು ಇದೇ ತತ್ತ್ವವನ್ನು 1923ರ ಕಾಯಿದೆಗೂ ವಿಸ್ತರಿಸಿತು. ಸುತ್ತಲಿನ ಹಳ್ಳಿಗಳಿಂದ ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ಪಾಳಿಯ ಹೊತ್ತಿಗೆ ಬೈಕಿನಲ್ಲಿ ಬಂದು ಹೋಗುವ ಕಾರ್ಮಿಕರಿಗೂ ಈ ರಕ್ಷಣೆ ಅನ್ವಯಿಸುತ್ತದೆ.