ನಳಿಕೆಯೊಳಗೊಂದು ನಳಿಕೆ

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣ ತೀವ್ರ ನಿಗಾ ಘಟಕದಲ್ಲಿದ್ದ. ಕತ್ತಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನಳಿಕೆ ಇಟ್ಟಿದ್ದರು. ಒಂದು ಸಂಜೆ ನಾನು ಪಕ್ಕದಲ್ಲಿ ಕುಳಿತಿದ್ದಾಗಲೇ ಗೊರಗೊರ ಸದ್ದು ಶುರುವಾಯಿತು, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯತೊಡಗಿತು, ತುಟಿ ನೀಲಿಗಟ್ಟಿತು. ಓಡಿಬಂದ ದಾದಿ ಆಮ್ಲಜನಕ ಹೆಚ್ಚಿಸಿ, ನಳಿಕೆಯ ಒಳಗಿದ್ದ ಇನ್ನೊಂದು ನಳಿಕೆಯನ್ನು ಹೊರತೆಗೆದರು. ಅದರೊಳಗೆ ಒಣಗಿದ ಕಫ ಬಿರಡೆಯಂತೆ ಕೂತಿತ್ತು. ಕ್ಷಣದಲ್ಲಿ ಉಸಿರು ಮರಳಿತು.

ಇಷ್ಟು ಸರಳವಾದ ಒಳನಳಿಕೆ ಯಾರಿಗೆ ಹೊಳೆದಿರಬಹುದೆಂಬ ಕುತೂಹಲ ಅಂದಿನಿಂದ ನನ್ನನ್ನು ಬಿಡಲಿಲ್ಲ. ಹುಡುಕಿದಾಗ ಸಿಕ್ಕಿದ್ದು 1730ನೇ ಇಸವಿ. ಒಂದೇ ನಳಿಕೆಯಾದರೆ ಕಫ ಕಟ್ಟಿಕೊಳ್ಳುತ್ತದೆ, ಜೋಡಿ ನಳಿಕೆಯಿದ್ದರೆ ರೋಗಿಗೆ ತೊಂದರೆಯಾಗದಂತೆ ಒಳಗಿನದನ್ನು ತೆಗೆದು ತೊಳೆಯಬಹುದು ಎಂಬ ಸಲಹೆಯನ್ನು ಸ್ಕಾಟ್ಲೆಂಡಿನ ವೈದ್ಯ ಜಾರ್ಜ್ ಮಾರ್ಟಿನ್ ಅಂದೇ ದಾಖಲಿಸಿದ್ದರು. ಆದರೆ ಅದು ಬಳಕೆಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು. 1830ರ ದಶಕದಲ್ಲಿ ಪ್ಯಾರಿಸ್ಸಿನ ಟ್ರೂಸೋ ಗಂಟಲಮಾರಿಯಿಂದ ಉಸಿರುಕಟ್ಟಿದ ಮಕ್ಕಳಿಗೆ ಈ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ನಾಲ್ವರಲ್ಲಿ ಒಬ್ಬರಷ್ಟೇ ಉಳಿಯುತ್ತಿದ್ದರು. ಗಂಟಲಿನ ಪೊರೆಯೂ ಕಫವೂ ನಳಿಕೆಯನ್ನೇ ಮುಚ್ಚಿಬಿಡುತ್ತಿದ್ದವು. ಜೋಡಿ ನಳಿಕೆಯೇ ಬೇಕೆಂದು ಅವರು ಮುಂದೆ ಶಿಷ್ಯರಿಗೆ ಬೋಧಿಸಿದರು.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಮೊದಲ ಮೂರು ವಾರಗಳಲ್ಲಿ ಉಸಿರಾಟದ ಯಂತ್ರಕ್ಕೆ ಒಳಪಡಿಸಿದ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಅರಿವಳಿಕೆ ತಜ್ಞ ಇಬ್ಸೆನ್ ಕತ್ತಿನ ನಳಿಕೆಯ ಮೂಲಕ ಕಫ ಹೀರಿ ತೆಗೆದು, ಕೈಚೀಲವನ್ನು ಒತ್ತಿ ಉಸಿರು ತುಂಬುವ ವಿಧಾನ ತಂದರು. ಸುಮಾರು 1500 ವಿದ್ಯಾರ್ಥಿಗಳು ಹಗಲಿರುಳು ಸರದಿಯಲ್ಲಿ ಕುಳಿತು ಚೀಲ ಒತ್ತಿದರು. ಸಾವು ಬಹಳಷ್ಟು ಇಳಿಯಿತು. ನನಗೆ ಮುಖ್ಯವೆನಿಸಿದ್ದು ಚೀಲವಷ್ಟೇ ಅಲ್ಲ. ಪ್ರತಿ ಹಾಸಿಗೆಯ ಬಳಿಯೂ ನಿದ್ದೆಗೆಟ್ಟು ಕಾದ ಒಂದು ಜೊತೆ ಕಣ್ಣು.

ಬ್ರಿಟನ್ನಿನ ತಜ್ಞರು 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದೇ ದಾರಿಯದು: ನೆರವಿಗೆ ಕೂಗು, ಮುಖಕ್ಕೂ ಕತ್ತಿಗೂ ಆಮ್ಲಜನಕ ಕೊಡು, ಒಳನಳಿಕೆ ತೆಗೆ, ಹೀರುಕೊಳವೆ ಇಳಿಯುವುದೇ ನೋಡು. ಇಳಿಯದಿದ್ದರೆ ನಳಿಕೆಯ ಸುತ್ತಲಿನ ಗಾಳಿಬುರುಡೆಯನ್ನು ಬಿಡಿಸು. ಆಗಲೂ ಉಸಿರಾಡದಿದ್ದರೆ ನಳಿಕೆಯನ್ನೇ ತೆಗೆದುಬಿಡು. ಇದು ತರಬೇತಾದವರ ಕೆಲಸ, ನಮ್ಮಂಥವರದಲ್ಲ. ಆದರೆ ಮೊದಲ ಹೆಜ್ಜೆ ಯಾರಿಗೂ ಸಲ್ಲುತ್ತದೆ.

ಜೀವ ಉಳಿಸಲೆಂದು ಇಟ್ಟ ನಳಿಕೆಯೇ ಜೀವಕ್ಕೆ ಎರವಾಗಬಹುದು ಎಂಬುದನ್ನು ಒಪ್ಪಿಕೊಂಡವರೇ ಈ ವಿದ್ಯೆಯನ್ನು ಬೆಳೆಸಿದರು. ಅಣ್ಣ ಮನೆಗೆ ಬಂದ. ಆಸ್ಪತ್ರೆಯಲ್ಲಿ ನಿಮ್ಮವರ ಪಕ್ಕ ಕುಳಿತಾಗ ಉಸಿರಿನ ಸದ್ದು ಬದಲಾದರೆ ಸಂಕೋಚಪಡದೆ ಕೂಗಿ ಕರೆಯಿರಿ, ಓದುಗರೇ.